ಮೈಕಮ್ಮನ ಗಂಟಲು

ಯಾವ ಬಸ್ಸು ಎಲ್ಲಿ ಬಂದು ನಿಂತಿತೆಂದು ಬಸ್ ನಿಲ್ದಾಣದಲ್ಲಿ ಕೂಗಿ ಹೇಳುವುದು ಅವಳ ಕೆಲಸ. ಗಾಜಿನ ಗೂಡಿನೊಳಗೆ ಹದಿನಾರು ವರ್ಷ ಸವೆಸಿದ್ದಳು. ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಅವಳು ಮೈಕಮ್ಮ. ಆ ಹೆಸರು ಕಿವಿಗೆ ಬಿದ್ದರೆ ಅವಳ ಭಾವ ಮುಖ ಸಿಂಡರಿಸುತ್ತಿದ್ದ. ಅವನ ಬ್ಯಾಂಡಿನಲ್ಲಿ ಮೈಕು ಮುಟ್ಟುವಂತಿರಲಿಲ್ಲ.

ಭಾವನೆಂದರೆ ಅಕ್ಕನ ಗಂಡ, ಬಡಗಿ. ಬ್ಯಾಂಡಿನಲ್ಲಿ ಇದ್ದದ್ದೇ ಮೂವರು. ಅವನ ಕೈಗೆ ಗಿಟಾರು, ಅವಳ ಎದೆಗೆ ತಿದಿ ಎಳೆದು ನುಡಿಸುವ ಅಕಾರ್ಡಿಯನ್ನು, ಗೋಡೆಗೆ ಬಣ್ಣ ಬಳಿಯುವ ಪೇಂಟರಿಗೆ ಬೋರಲು ಹಾಕಿದ ಬಣ್ಣದ ಡಬ್ಬಗಳು. ‘ಮೂರು ಕಾಲಿನ ಕುರ್ಚಿ’ ಎಂದು ಹೆಸರಿಟ್ಟುಕೊಂಡಿದ್ದರು. ಅವಳ ಅಜ್ಜಿ ಬಟ್ಟೆ ಒಗೆಯುತ್ತ ಹೇಳುತ್ತಿದ್ದ ಪದಗಳನ್ನು ಬಾಲಕ್ಕೆ ಬೆಂಕಿ ಬಿದ್ದ ಕುದುರೆಯ ವೇಗದಲ್ಲಿ ಹಾಡುತ್ತಿದ್ದರು. ಭಾವ ಅದನ್ನು ಜಾನಪದ-ಪಂಕ್ ಎನ್ನುತ್ತಿದ್ದ, ನೆರೆಹೊರೆಯವರು ಅರಚಾಟ ಎನ್ನುತ್ತಿದ್ದರು. ಎರಡೂ ಸುಳ್ಳಲ್ಲ.

ಮೊದಲ ಸಲ ಜನರ ಮುಂದೆ ನಿಂತ ದಿನ ಕರೆಂಟು ಕೈಕೊಟ್ಟಿತ್ತು. ಮೈಕಿಲ್ಲದೆ ಅವಳು ಗಂಟಲು ಹರಿದುಕೊಂಡು ಹಾಡಿದಳು, ಕೂತವರು ಎದ್ದು ಬಂದು ಸುತ್ತುಗಟ್ಟಿ ನಿಂತರು. ಸುಟ್ಟುಹೋದ ಫ್ಯೂಸನ್ನೇ ಭಾವ ಸಿದ್ಧಾಂತ ಮಾಡಿಕೊಂಡ. ಇನ್ನು ಮೈಕು ಮುಟ್ಟಬಾರದು ಎಂದ. ಅವನಿಗೇನು, ಹಾಡುವ ಗಂಟಲು ಅವನದಲ್ಲವಲ್ಲ.

ಹನ್ನೊಂದು ವರ್ಷದಲ್ಲಿ ಏರಿದ್ದೂ ಉಂಟು, ಜಾರಿದ್ದೂ ಉಂಟು. ಪೋಸ್ಟರಿಗೆ ಭಾವನೇ ಮರದ ಅಚ್ಚು ಕೆತ್ತಿದ. ಅಚ್ಚಿನಲ್ಲಿ ಅಕ್ಷರ ತಿರುವುಮುರುವಾಗಿರಬೇಕೆಂಬುದನ್ನು ಮರೆತು ನೆಟ್ಟಗೆ ಕೆತ್ತಿಬಿಟ್ಟಿದ್ದ. ಇದು ಯಾವ ದೇಶದ ಲಿಪಿ ಎಂದು ಕೇಳಲಿಕ್ಕೇ ಒಂದಷ್ಟು ಜನ ಬಂದರು. ಒಮ್ಮೆ ಖಾಲಿ ಗೋದಾಮಿನಲ್ಲಿ ಮುನ್ನೂರು ಜನ ನೆಲ ನಡುಗುವಂತೆ ಕುಣಿದರು. ಇನ್ನೊಮ್ಮೆ ಎದುರಿಗೆ ಹನ್ನೆರಡು ಮಂದಿ, ಅದರಲ್ಲಿ ಏಳು ಜನ ಮಳೆ ನಿಲ್ಲಲಿ ಎಂದು ಒಳಗೆ ಬಂದವರು.

ಈಗ ಮೈಕಮ್ಮನ ಧ್ವನಿ ತಳ ಹಿಡಿದ ಪಾತ್ರೆ ಕೆರೆದಂತೆ ಆಗಿತ್ತು. ಗಂಟಲಲ್ಲಿ ಗಂಟು ಕಟ್ಟಿದೆ ಎಂದರು ಡಾಕ್ಟರು. "ಮೂರು ತಿಂಗಳು ಮಾತೇ ಬೇಡ, ಪಿಸುಮಾತೂ ಬೇಡ. ಇನ್ನೊಂದು ಸಲ ಅರಚಿದ್ರೆ ಇರೋ ದನಿಯೂ ಉಳಿಯಲ್ಲ." ನಿಲ್ದಾಣದ ಮೇಲಧಿಕಾರಿ ರಜೆಯನ್ನೇನೋ ಕೊಟ್ಟರು. ದನಿ ವಾಪಸ್ ಬಾರದಿದ್ದರೆ ಗೂಡಿನಲ್ಲಿ ಯಂತ್ರ ಕೂರಿಸುವುದೇ ಎಂದೂ ಹೇಳಿದರು.

ಭಾನುವಾರ ಮರಗೆಲಸದ ಶೆಡ್ಡಿನಲ್ಲಿ ಹೊಟ್ಟಿನ ಧೂಳಿನ ನಡುವೆ ನಿಂತು ಅವಳು ಇದ್ದ ದನಿಯಲ್ಲೇ ವಿಷಯ ಹೇಳಿದಳು.

ಭಾವ ತಂತಿ ಬಿಗಿಯುತ್ತಲೇ ಇದ್ದ. "ಶನಿವಾರ ಲೈಬ್ರರಿ ಅಂಗಳದಲ್ಲಿ ಒಪ್ಪಿಕೊಂಡಾಗಿದೆ. ಅದೊಂದು ಹಾಡಿಬಿಡು, ಆಮೇಲೆ ರೆಸ್ಟ್ ತಗೋ."

"ಆ ‘ಅದೊಂದು’ ಎಷ್ಟನೇದು ಭಾವ? ಮೈಕ್ ಇಟ್ಟಿದ್ರೆ ಇಷ್ಟು ಆಗ್ತಾನೇ ಇರಲಿಲ್ಲ."

"ಮೈಕ್ ಇಟ್ಟರೆ ನಮಗೂ ಆರ್ಕೆಸ್ಟ್ರಾದವರಿಗೂ ಏನು ವ್ಯತ್ಯಾಸ?"

"ಅವರಿಗೆ ಹಾಡೋಕೆ ಬರುತ್ತೆ," ಎಂದ ಪೇಂಟರ್. ಯಾರೂ ನಗಲಿಲ್ಲ. "ಅಲ್ಲ ಅಣ್ಣ, ಈ ಅಕ್ಕನ ಹೊಟ್ಟೆಪಾಡೂ ಆ ಗಂಟಲೇ ತಾನೆ?"

ಭಾವ ಇನ್ನೊಂದು ತಂತಿ ಬಿಗಿಯತೊಡಗಿದ. ಅವನು ಕೆಟ್ಟವನಲ್ಲ. ಆದರೆ ಹಿಡಿದ ಹಟ ಬಿಡುವುದೆಂದರೆ ಅವನಿಗೆ ಹೊಡೆದ ಮೊಳೆ ಕಿತ್ತಂತೆ, ಮರಕ್ಕೂ ನೋವು, ಕೈಗೂ ನೋವು.

ಹೊರಡುವಾಗ ಅಕ್ಕ ಬಾಗಿಲಲ್ಲಿ ತಡೆದು ನಿಲ್ಲಿಸಿದಳು. "ನಿಮ್ಮ ಭಾವನಿಗೆ ಹಾಡೋ ಧೈರ್ಯ ಇಲ್ಲ ಕಣೇ. ನಿನ್ನ ಗಂಟಲಲ್ಲಿ ತಾವು ಹಾಡ್ತಾ ಇದ್ದಾರೆ. ಅಷ್ಟೂ ಗೊತ್ತಾಗಲಿಲ್ವಾ ನಿನಗೆ?"

ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳುವಷ್ಟು ಇದುವರೆಗೆ ದಣಿದಿರಲಿಲ್ಲ, ಅಷ್ಟೇ. ಆ ಹೊತ್ತಿನಿಂದ ಅವಳು ಬಾಯಿಗೆ ಬೀಗ ಹಾಕಿದಳು. ಬ್ಯಾಂಡು ಬಿಡುವುದಿಲ್ಲ, ಹಾಡುವುದೂ ಇಲ್ಲ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಳು.

ಶನಿವಾರ ಮಧ್ಯಾಹ್ನ ಲೈಬ್ರರಿ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು. ಅವಳು ಅಕಾರ್ಡಿಯನ್ನು ಹೊತ್ತು ಬಂದದ್ದನ್ನು ನೋಡಿ ಭಾವನ ಮುಖ ಅರಳಿತು. ಪೇಂಟರ್ ಡಬ್ಬ ಬಡಿದ, ಗಿಟಾರು ಸೇರಿಕೊಂಡಿತು. ಹಾಡು ಎತ್ತಿಕೊಳ್ಳುವ ಜಾಗ ಬಂತು. ಅವಳು ತುಟಿ ಬಿಚ್ಚಲಿಲ್ಲ. ಬೆರಳು ಮಾತ್ರ ಓಡಿದವು.

ಸುತ್ತು ಹಾಕಿ ಮತ್ತೆ ಆ ಜಾಗಕ್ಕೇ ಬಂದರು. ಭಾವ ಕಣ್ಣಲ್ಲೇ ಬೇಡಿಕೊಂಡ. ಮೂರನೆಯ ಸುತ್ತಿಗೆ ಕಣ್ಣಲ್ಲೇ ಬೈದ. ಅವಳು ಅವನತ್ತ ನೋಡುತ್ತ ಬಾರಿಸುತ್ತಲೇ ಇದ್ದಳು. ಐದನೆಯ ಸುತ್ತಿಗೆ, ಅಂಗಳದವರು ಒಬ್ಬರ ಮುಖ ಒಬ್ಬರು ನೋಡತೊಡಗಿದಾಗ, ಭಾವ ಕಣ್ಣು ಮುಚ್ಚಿ ಬಾಯಿ ತೆರೆದ.

ಎಣ್ಣೆ ಕಾಣದ ಕೀಲಿನ ಬಾಗಿಲಿನಂಥ ದನಿ. ಶ್ರುತಿ ಒಂದು ಕಡೆ, ಅವನು ಒಂದು ಕಡೆ. ಎರಡನೇ ಚರಣ ಪೂರಾ ಮರೆತು, ಮೊದಲನೆಯದನ್ನೇ ಎರಡು ಸಲ ಕೂಗಿದ. ಹತ್ತು ಜನ ಎದ್ದು ಹೋದರು. ಆದರೂ ನಿಲ್ಲಿಸದೆ ಐದು ಹಾಡು ಮುಗಿಸಿದ. ಮೈಕಮ್ಮನಿಗೆ ಗಂಟಲು ಉರಿಯಲಿಲ್ಲ. ಹಾಗೆಂದು ಹಿಗ್ಗೂ ಆಗಲಿಲ್ಲ. ತನ್ನ ಸೀರೆಯನ್ನು ಬೇರೆ ಯಾರೋ ಅಡ್ಡಾದಿಡ್ಡಿ ಉಟ್ಟು ಬೀದಿಯಲ್ಲಿ ಹೋಗುವುದನ್ನು ನೋಡಿದಂತಿತ್ತು.

ಡಬ್ಬಗಳನ್ನು ಒಂದರೊಳಗೊಂದು ಇಳಿಸುತ್ತ ಪೇಂಟರ್, "ಅಣ್ಣ, ಮೇಲೊಂದು ಸೂರಿದ್ದು ಮಳೆ ಬಂದಿದ್ರೆ ಇನ್ನೂ ಸ್ವಲ್ಪ ಜನ ಉಳೀತಿದ್ರು," ಎಂದ.

ಭಾವ ಮೆಟ್ಟಿಲ ಮೇಲೆ ಕುಸಿದು ಕೂತು ಕತ್ತು ನೀವಿಕೊಂಡ. "ಗಂಟಲು ಕಿತ್ತು ಬರ್ತಿದೆ. ಪ್ರತಿ ಸಲ ಹೀಗೇ ಆಗ್ತಿತ್ತಾ ನಿನಗೆ?"

ಅವಳು ಹೌದೆಂದು ತಲೆಯಾಡಿಸಿದಳು.

"ಹೇಳಬಾರದಿತ್ತಾ?"

ಹೇಳಿದ್ದಳು, ಎಷ್ಟೋ ಸಲ. ಈಗ ಅದನ್ನು ಎತ್ತಿ ಆಡಲು ದನಿಯೂ ಇಲ್ಲ, ತ್ರಾಣವೂ ಇಲ್ಲ. ಅವನ ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ತೆಗೆದುಕೊಂಡು ಪೋಸ್ಟರಿನ ಬೆನ್ನಿಗೆ ಬರೆದಳು: ‘ಬರ್ತೀನಿ. ಬಾರಿಸ್ತೀನಿ. ಹಾಡಲ್ಲ.’

ಭಾವ ಅದನ್ನು ಎರಡು ಸಲ ಓದಿದ. ವಾದಕ್ಕೆ ಬಾಯಿ ತೆರೆದವನಿಗೆ ಕೆಮ್ಮು ಬಂತು. ಆಮೇಲೆ ಕಾಗದವನ್ನು ಅವಳ ಕಡೆಗೇ ತಳ್ಳಿದ. "ಹಾಗಾದ್ರೆ ಎರಡನೇ ಚರಣ ಬರೆದುಕೊಡು. ನನಗೆ ತಲೆಯಲ್ಲಿ ನಿಲ್ಲಲ್ಲ."

ಆ ಪದಗಳನ್ನು ಅಜ್ಜಿಯೂ ಬರೆದಿಟ್ಟವಳಲ್ಲ, ಇವಳೂ ಅಲ್ಲ. ಎರಡು ಸಾಲು ಬರೆದಳು. ಮೂರನೆಯದು ಎಷ್ಟು ಎಳೆದರೂ ಬರಲಿಲ್ಲ, ಹಾಡದೆ ಅದು ನೆನಪಾಗುವಂಥದ್ದೇ ಅಲ್ಲ. ಇಳಿಸಿಟ್ಟಿದ್ದ ಅಕಾರ್ಡಿಯನ್ನನ್ನು ಮತ್ತೆ ಹೆಗಲಿಗೇರಿಸಿ, ಮೊದಲಿನಿಂದ ಮೆಲ್ಲಗೆ ಬಾರಿಸಿದಳು. ಸಾಲು ಬೆರಳಿಗೆ ಸಿಕ್ಕಿತು. ಬರೆದಳು. ಭಾವ ಪಕ್ಕದಲ್ಲಿ ಕೂತು ಕಾಯುತ್ತಿದ್ದ.