ಹೂ ಎಡಕ್ಕೆ ಬಿದ್ದ ಮೇಲೂ ಬರೆದ ಪರೀಕ್ಷೆ

“ನಮ್ಮನೇಲಿ ಹೆಣ್ಣುಮಗಳು ಬಿ.ಎ. ಮಾಡೋದಾ? ಆಗೋ ಮಾತಲ್ಲ ಬಿಡು” ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೇರೋಹಳ್ಳಿಯ ನಮ್ಮ ಒಕ್ಕಲು ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ಹಾಗೂ ಹೀಗೂ ಕಾಲೇಜು ಸೇರಿದ್ದ ನಾನು 1984ರಲ್ಲಿ ಕೊನೆಯ ವರ್ಷದ ಅರ್ಥಶಾಸ್ತ್ರದಲ್ಲಿ ಫೇಲಾದಾಗ ಅವರ ಮಾತೇ ನಿಜವಾದಂತಾಯಿತು.

ಮತ್ತೆ ಪರೀಕ್ಷೆಗೆ ಕೂರಿಸುವುದೋ, ಮದುವೆ ಮಾಡಿಬಿಡುವುದೋ? ನಮ್ಮಲ್ಲಿ ಇಂಥದ್ದನ್ನೆಲ್ಲ ಅಮ್ಮನವರ ಗುಡಿಯಲ್ಲಿ ಹೂ ಕೇಳಿಯೇ ತೀರ್ಮಾನಿಸುವುದು. ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಬಾವಿ ತೋಡಿಸಿದ್ದು, ಅಕ್ಕನಿಗೆ ಗಂಡು ಗೊತ್ತುಮಾಡಿದ್ದು ಎಲ್ಲ ಹಾಗೆಯೇ. ಕೇಳಲೇಬೇಕೆಂದು ಹಟ ಹಿಡಿದವಳೂ ನಾನೇ. ಬಲಕ್ಕೇ ಬೀಳುತ್ತದೆಂದು ನಂಬಿದ್ದೆ.

ಎಡಕ್ಕೆ ಬಿತ್ತು.

“ಮುಗೀತಲ್ಲ, ತಾಯೀನೇ ಬೇಡ ಅಂದ್ಳು” ಎಂದು ದೊಡ್ಡಪ್ಪ ಚಪ್ಪಲಿ ಮೆಟ್ಟಿ ಹೊರಟರು.

ನಾನು ಗುಡಿಯ ಜಗಲಿಯ ಮೇಲೇ ಕೂತೆ. ಅಳು ಬರಬೇಕಿತ್ತು, ಬರಲಿಲ್ಲ. ಕಣ್ಣು ಮುಚ್ಚಿದರೆ ಬರೆಯಬೇಕೆಂಬ ಆಸೆ ಒಂದಿಷ್ಟೂ ಅಲುಗದೆ ಒಳಗೆ ಕೂತಿತ್ತು. ಇದನ್ನು ಕೊಟ್ಟವಳೂ ಆ ತಾಯಿಯೇ ಅಲ್ಲವೇ ಅನ್ನಿಸಿತು.

ಅವ್ವ ಬಂದು ತೋಳು ಹಿಡಿದಳು. “ತಾಯಿ ಬಲಗಡೆ ಹೂ ಕೊಡ್ಲಿಲ್ವಲ್ಲೇ, ಎದ್ದೇಳು.”

“ಕೊಡ್ದಿದ್ರೆ ಏನವ್ವ? ನನ್ನೊಳಗಿರೋ ದೇವ್ರು ಬೇಡ ಅಂದಿಲ್ಲ. ನಾನು ಬರೀತೀನಿ.”

“ನಿಮ್ಮ ದೊಡ್ಡಪ್ಪಂಗೆ ಯಾರೇ ಹೇಳೋರು?”

“ನಾನೇ ಹೇಳ್ತೀನಿ.”

ಹೇಳಿದೆ. “ದೇವ್ರಿಗಿಂತ ದೊಡ್ಡೋಳಾದ್ಯೇನೇ?” ಎಂದವರು ಅಲ್ಲಿಂದ ನನ್ನೊಡನೆ ಮಾತು ಬಿಟ್ಟರು.

ರಾಜಾಜಿನಗರದ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂತು. ಪ್ರತಿ ಸಲ ಅಮ್ಮನವರ ಪಾದಕ್ಕೆ ಮುಟ್ಟಿಸಿದ ಪೆನ್ನು ತರುತ್ತಿದ್ದೆ. ಈ ಸಲ ಪೂಜಾರಪ್ಪ ಮುಟ್ಟಿಸಿಕೊಡಲು ಒಪ್ಪಿರಲಿಲ್ಲ. ಬರಿಯ ಪೆನ್ನು ಹಿಡಿದು ಕಣ್ಣು ಮುಚ್ಚಿದೆ. ಒಳಗಿನ ಗಟ್ಟಿತನ ಹಾಗೇ ಇತ್ತು. ಬರೆಯಲು ಶುರುಮಾಡಿದವಳು ಗಂಟೆ ಹೊಡೆದ ಮೇಲೇ ತಲೆ ಎತ್ತಿದ್ದು.

ಪಾಸಾದೆ. ಗುಡಿಗೆ ಇಂದಿಗೂ ಹೋಗುತ್ತೇನೆ, ಕೈ ಮುಗಿಯುತ್ತೇನೆ. ಧೈರ್ಯವನ್ನು ಮಾತ್ರ ಆಮೇಲೆ ಎಲ್ಲಿಯೂ ಹೊರಗೆ ಹುಡುಕಿಕೊಂಡು ಹೋಗಿಲ್ಲ.

ಡಿಗ್ರಿ ಸರ್ಟಿಫಿಕೇಟು ಬಂದ ದಿನ ಅದನ್ನು ದೊಡ್ಡಪ್ಪನ ಕೈಗೇ ಮೊದಲು ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಅವರ ಮಗಳು ಸುಶೀಲ ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು.

“ಸುಶೀಲನ್ನ ಕಾಲೇಜಿಗೆ ಸೇರಿಸ್ಬೇಕು” ಎಂದರು. “ನಾಳೆ ನೀನೂ ಜೊತೆಗೆ ಬಾರಮ್ಮ.”