ಹೆಸರು ಓದದ ಮೆಷಿನ್

ಅರಿಜೋನಾದಲ್ಲಿ ಜನ ವ್ಯಾನು ನಿಲ್ಲಿಸಿ ತಂಗುವ ಸರ್ಕಾರಿ ಕ್ಯಾಂಪಿನ ಗೇಟಿನಲ್ಲಿ ಕೂತು ಪಾಸು ನೋಡುವುದು ನನ್ನ ಕೆಲಸವಾಗಿತ್ತು. ಹಿರಿಯರ ಪಾಸಿದ್ದರೆ ಬಾಡಿಗೆ ಅರ್ಧ. ಪಾಸಿನ ಹೆಸರನ್ನು ಗಟ್ಟಿಯಾಗಿ ಓದಿ, ಲೈಸೆನ್ಸಿನ ಜೊತೆ ತಾಳೆ ನೋಡಿ ಒಳಗೆ ಬಿಡುತ್ತಿದ್ದೆ. ಈ ಚಳಿಗಾಲ ಅದಕ್ಕೊಂದು ಸುಡುಗಾಡು ಮೆಷಿನ್ ಬಂತು. ನನಗೆ ಕಸ ಗುಡಿಸುವುದಷ್ಟೇ ಉಳಿಯಿತು.

ಹೆಂಡತಿ ತೀರಿಕೊಂಡ ಮೇಲೆ ವ್ಯಾನನ್ನೇ ಮನೆ ಮಾಡಿಕೊಂಡ ಆರ್ವಿಲ್ ಸ್ಟ್ಯಾಂಪರ್ ಎಂದಿನಂತೆ ನವೆಂಬರಿನಲ್ಲಿ ಬಂದ. ಮೆಷಿನ್‌ಗೆ ಪಾಸು ತೋರಿಸಿದ, ಗೇಟು ತೆರೆಯಿತು. ಆದರೂ ವ್ಯಾನನ್ನು ಅಲ್ಲೇ ನಿಲ್ಲಿಸಿ, ಪಾಸು ಹಿಡಿದು ನನ್ನ ಬಳಿ ಬಂದ.

"ಇದನ್ನೊಂಚೂರು ನೋಡು, ನಡೀನ್," ಎಂದು ನನಗೆ ಹೇಳಿದ.

"ಗೇಟು ತೆಗೀತಲ್ಲ ಮಾರಾಯ! ಹಿಂದಿನೋರು ಹಾರ್ನ್ ಹೊಡೀತಿದಾರೆ. ಇನ್ನೇನು ನೋಡೋದು?"

"ದುಡ್ಡೇನೋ ಸರಿಯಾಗೇ ತಗೊಳ್ತು. ಹೆಸರು ಓದ್ಲಿಲ್ಲ," ಎಂದ. "ಹೋದ್ವರ್ಷ ನೀನು ಓದಿದ್ದೇ ಕೊನೆ. ಆಮೇಲೆ ಯಾರೂ ನನ್ನ ಹೆಸರು ಹಿಡಿದು ಕರ್ದಿಲ್ಲ."

ಪೊರಕೆಯನ್ನು ಗೋಡೆಗೆ ಒರಗಿಸಿ ಕನ್ನಡಕ ಹಾಕಿಕೊಂಡೆ. "ಆರ್ವಿಲ್ ಸ್ಟ್ಯಾಂಪರ್!" ಎಂದು ಇಡೀ ಕ್ಯಾಂಪಿಗೆ ಕೇಳುವಂತೆ ಓದಿದೆ.

ಶಾಲೆಯಲ್ಲಿ ಹಾಜರಿ ಕೂಗಿದಾಗ ಎದ್ದು ನಿಲ್ಲುವ ಹುಡುಗನಂತೆ ಅವನು ನೆಟ್ಟಗಾದ.

"ಇದ್ದೀನಿ," ಎಂದ.