ದನಿ ಕೊಡಬಾರದು

ಚಿನಕುರಳಿಗೆ ಹೋಗಿ ಯಶೋಧರಾ ಮೇಡಂ ಎಲ್ಲಿ ಸಿಗ್ತಾರೆ ಎಂದು ಕೇಳಿ, ಯಾರಿಗೂ ತಿಳಿಯುವುದಿಲ್ಲ. ಕೋಲು ಮೇಡಮ್ಮು ಅನ್ನಿ. ಅವಳ ಸ್ಕೂಟರು ಯಾರ ಮನೆ ಮುಂದೆ ನಿಂತಿದೆ ಎಂದು ತೋರಿಸುವುದಲ್ಲದೆ, ಕೇಳದಿದ್ದರೂ ನಾಲ್ಕು ಬೈಗುಳ ಸೇರಿಸಿ ಕಳಿಸುತ್ತಾರೆ. ಕಟುಕಿ ಅನ್ನುತ್ತಾರೆ, ರಾಕ್ಷಸಿ ಅನ್ನುತ್ತಾರೆ, ಹೆತ್ತು ಗೊತ್ತಿಲ್ಲದವಳು ಅನ್ನುತ್ತಾರೆ. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ? ಅವಳೂ ಆ ಕೆಲಸಕ್ಕೆ ಹೋಗಲಿಲ್ಲ.

ಕಣ್ಣು ಕಾಣದ ಮಕ್ಕಳಿಗೆ ಬಿಳಿ ಕೋಲು ಹಿಡಿದು ಒಬ್ಬರೇ ನಡೆಯುವುದನ್ನು ಕಲಿಸುವುದು ಅವಳ ಕೆಲಸ. ವಯಸ್ಸು ನಲವತ್ತೇಳು. ಪಾಂಡವಪುರ, ಕೆ.ಆರ್. ಪೇಟೆ ಸುತ್ತಿನ ಹಳ್ಳಿಗಳಿಗೆ ಹನ್ನೊಂದು ವರ್ಷದಿಂದ ಓಡಾಡುತ್ತಿದ್ದಾಳೆ. ಮಗು ಚರಂಡಿಗೆ ಬಿದ್ದರೆ ಎತ್ತುವುದಿಲ್ಲ. ‘ಬೀಳುವಾಗ ಕೋಲು ಎಲ್ಲಿತ್ತು?’ ಎಂದು ಕೇಳುತ್ತಾಳೆ. ಮೊಣಕಾಲು ತರಚಿ ರಕ್ತ ಬಂದರೆ ‘ನಲ್ಲಿ ಬಲಗಡೆ ಅದೆ, ಹೋಗಿ ತೊಳ್ಕೊ’ ಅನ್ನುತ್ತಾಳೆ. ಆ ಮಾತು ಕೇಳಿ ಒಂದೂರಿನಲ್ಲಿ ಮಗುವಿನ ತಾತ ಅವಳ ಮೇಲೆ ಬಾರುಕೋಲು ಎತ್ತಿದ್ದೂ ಉಂಟು.

ಇಷ್ಟು ಗಟ್ಟಿಯಾಗಲು ಅವಳಿಗೆ ಕಾರಣವಿತ್ತು. ಅವಳ ಊರು ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರು. ನಾಗಾರ್ಜುನ ಎಂಬ ಒಬ್ಬನೇ ತಮ್ಮ, ಹುಟ್ಟುಕುರುಡ. ಮನೆಯವರಿಗೆಲ್ಲ ಅವನೆಂದರೆ ಪ್ರಾಣ. ಅನ್ನ ಕಲಸಿ ಬಾಯಿಗಿಡುವರು, ಬಚ್ಚಲಿಗೂ ಕೈ ಹಿಡಿದು ಕರೆದೊಯ್ಯುವರು, ಎದ್ದು ನಿಂತರೆ ‘ಕೂತ್ಕೊ ಮಗ, ಏನ್ ಬೇಕು?’ ಎಂದು ಓಡಿಬರುವರು. ಇಪ್ಪತ್ತೆರಡು ವರ್ಷ ಹೀಗೆ ಮುದ್ದು ಮಾಡಿದರು. ಒಂದು ಮಧ್ಯಾಹ್ನ ಎಲ್ಲರೂ ಗದ್ದೆಯಲ್ಲಿದ್ದಾಗ ಕೊಟ್ಟಿಗೆಗೆ ಬಿದ್ದ ಬೆಂಕಿ ಮನೆಗೂ ಹತ್ತಿತು. ಅವನು ಮಲಗಿದ್ದ ಮಂಚದಿಂದ ತಲೆಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಯಶೋಧರಾ ಆಮೇಲೆ ಎಣಿಸಿ ನೋಡಿದಳು. ಅವನು ಸಿಕ್ಕಿದ್ದು ಅಡುಗೆಮನೆಯ ಮೂಲೆಯಲ್ಲಿ. ಹೆಣ ಅಂಗಳದಲ್ಲಿರುವಾಗಲೇ ‘ಪ್ರೀತಿ ಮಾಡಿ ಮಾಡಿ ಕೊಂದ್ಬುಟ್ರಿ’ ಎಂದು ಹೆತ್ತವರ ಮುಖಕ್ಕೆ ಹೇಳಿದಳು. ಅವತ್ತಿನಿಂದ ತವರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ.

ಯಾವ ಮನೆಗೆ ಹೋದರೂ ಅವಳು ಮಗುವಿಗಿಂತ ಮೊದಲು ತಾಯಿಗೆ ಪಾಠ ಮಾಡುತ್ತಾಳೆ. ದನಿ ಕೊಡಬಾರದು, ಅದೇ ಪಾಠ. ಮಗುವಿನ ಕೈಗೆ ಕೋಲು ಕೊಟ್ಟು ಅಂಗಳದ ನಡುವೆ ನಿಲ್ಲಿಸುತ್ತಾಳೆ. ತಾಯಿ ನಾಲ್ಕು ಹೆಜ್ಜೆ ಆಚೆ ನಿಲ್ಲಬೇಕು. ಮಗು ಅವ್ವಾ ಎಂದು ಕೂಗುತ್ತದೆ, ಅಳುತ್ತದೆ. ತಾಯಿ ಉಸಿರೆತ್ತಬಾರದು. ‘ನೀನು ದನಿ ಕೊಟ್ಟರೆ ಮಗು ದನಿ ಹಿಡ್ಕೊಂಡು ಬತ್ತದೆ, ಕೋಲು ಹಿಡ್ಕೊಂಡು ಬರಲ್ಲ ಕಣವ್ವ. ನೀನು ಸತ್ತ ಮೇಲೆ ಯಾರ ದನಿ ಹುಡುಕ್ಕೊಂಡು ಹೋಗ್ಬೇಕು ಅದು?’ ಅನ್ನುತ್ತಾಳೆ. ಈ ಪಾಠದಲ್ಲಿ ಗೆದ್ದ ತಾಯಂದಿರು ಇಲ್ಲವೆಂದೇ ಹೇಳಬೇಕು. ಎರಡನೇ ಕೂಗಿಗೇ ಓಡಿಹೋಗಿ ಅಪ್ಪಿಕೊಂಡು, ತಾವೂ ಅತ್ತು, ಮೇಡಮ್ಮನಿಗೆ ಶಾಪ ಹಾಕಿ ಬಾಗಿಲು ಮುಚ್ಚುತ್ತಾರೆ.

ಹೇಮ ಮಾತ್ರ ಹಾಗಲ್ಲ. ಎರಡು ವರ್ಷದ ಹಿಂದೆ ಅವಳೇ ಚಿನಕುರಳಿಯ ಶಾಲೆಗೆ ಹುಡುಕಿಕೊಂಡು ಬಂದಳು. ಇಪ್ಪತ್ತಾರರ ಹೆಂಗಸು. ಗಂಡ ತಿಮ್ಮೇಶ ಕಲ್ಲು ಒಡೆಯುವಲ್ಲಿ ಬಂಡೆ ಉರುಳಿ ಸತ್ತಿದ್ದ. ಮನೆಯಲ್ಲಿ ಅತ್ತೆ ಸಿದ್ದಲಿಂಗಮ್ಮ ಮತ್ತು ಆರು ವರ್ಷದ ಮಗಳು ರಂಜಿತ. ಮಗಳಿಗೆ ಹುಟ್ಟಿನಿಂದ ಕಣ್ಣಿಲ್ಲ.

‘ನಮ್ ಮಗೀಗೂ ಕಲ್ಸಿ ಮೇಡಂ. ಬೇಗ ಕಲ್ಸಿ’ ಅಂದಳು.

ಬೇಗ ಎಂಬ ಮಾತನ್ನು ಯಶೋಧರಾ ಅಲ್ಲಿಯವರೆಗೆ ಯಾವ ತಾಯಿಯ ಬಾಯಲ್ಲೂ ಕೇಳಿರಲಿಲ್ಲ. ಅವತ್ತೇ ಸ್ಕೂಟರು ಹತ್ತಿದಳು.

ಮೊದಲ ದಿನ ರಂಜಿ ಅಂಗಳದಲ್ಲಿ ನಿಂತು ಅವ್ವನನ್ನು ಕರೆದಳು. ಹೇಮ ಒರಳುಕಲ್ಲಿನ ಪಕ್ಕ ನಿಂತಿದ್ದಳು. ಮಗು ಕೂಗಿ ಕೂಗಿ ಗಂಟಲು ಕಟ್ಟಿತು, ಕೋಲು ಬಿಸಾಡಿ ನೆಲದ ಮೇಲೆ ಹೊರಳಾಡಿತು, ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿತು. ಹೇಮ ಕದಲಲಿಲ್ಲ. ಸಿದ್ದಲಿಂಗಮ್ಮ ಜಗಲಿಯಿಂದ ಇಳಿದು ಬಂದು, ‘ಏನ್ ಎಂಗಸ್ರವ್ವ ನೀವು, ನಿಮ್ ಹೊಟ್ಟೆ ಸೇದೋಗ’ ಎಂದು ಇಬ್ಬರಿಗೂ ಬೈದು ಮಗುವನ್ನು ಎತ್ತಿಕೊಳ್ಳಲು ಹೋದಳು. ಹೇಮ ಅತ್ತೆಯ ಕೈ ಹಿಡಿದು ತಡೆದಳು. ಕಡೆಗೆ ಮಗು ಸುಸ್ತಾಗಿ, ತಡಕಾಡಿ ಕೋಲು ಹುಡುಕಿ, ತಾನೇ ಎದ್ದು ನಿಂತಿತು. ಯಶೋಧರಾಗೆ ಆದ ಖುಷಿ ಅಷ್ಟಿಷ್ಟಲ್ಲ. ಇಂಥ ತಾಯಿ ಊರಿಗೊಬ್ಬಳಿದ್ದರೆ ಸಾಕು ಎಂದು ಹೋದಲ್ಲೆಲ್ಲ ಹೇಮಳ ಹೆಸರು ಹೇಳಿಕೊಂಡು ತಿರುಗಿದಳು. ಈ ಹೆಂಗಸಿಗೆ ಇಷ್ಟು ಆತುರ ಯಾಕೆ ಎಂದು ಒಂದು ಸಲವಾದರೂ ಕೇಳಬೇಡವೇ? ಕೇಳಲಿಲ್ಲ. ತನ್ನ ವಿದ್ಯೆ ನಡೆಯುತ್ತಿದ್ದರೆ ಯಾವ ಮೇಷ್ಟರಿಗೂ ಕಣ್ಣು ಕಾಣುವುದಿಲ್ಲ.

ರಂಜಿ ಚುರುಕು. ಕೋಲನ್ನು ಹೊಕ್ಕುಳ ನೇರಕ್ಕೆ ಹಿಡಿಯುವುದು, ಎಡಗಾಲು ಮುಂದಿಟ್ಟಾಗ ತುದಿಯನ್ನು ಬಲಕ್ಕೆ ತಾಗಿಸುವುದು, ಚಪ್ಪಡಿ ಟೊಳ್ಳು ಸದ್ದು ಮಾಡಿದರೆ ಕೆಳಗೆ ಚರಂಡಿ ಇದೆಯೆಂದು ತಿಳಿಯುವುದು, ಎಲ್ಲವೂ ಬೇಗ ಬಂತು. ಯಾರಾದರೂ ಕನಿಕರದಿಂದ ಕೋಲಿನ ತುದಿ ಹಿಡಿದು ಕರುವಿನ ಹಾಗೆ ಎಳೆದುಕೊಂಡು ಹೊರಟರೆ ‘ಬುಡಿ, ದಾರಿ ಗೊತ್ತು’ ಅನ್ನುವುದನ್ನೂ ಕಲಿತಳು. ನಾಲ್ಕು ತಿಂಗಳಿಗೆ ಮನೆಯಿಂದ ಹೊರಟು ಹಾಲಿನ ಡೈರಿ ದಾಟಿ ಶಾಲೆ ಮುಟ್ಟಿ, ಸಂಜೆ ಒಬ್ಬಳೇ ಮನೆಗೆ ಬಂದಳು. ಹೇಮ ಅವತ್ತು ಒಬ್ಬಟ್ಟು ಮಾಡಿ ಮೇಡಮ್ಮನಿಗೂ ಬಡಿಸಿದಳು.

ಎಂಟು ದಿನ ಬಿಟ್ಟು ಯಶೋಧರಾ ಹೋದಾಗ ಹೇಮ ಇರಲಿಲ್ಲ.

‘ಬೆಳ್ಳೂರು ಕಡೆ ಓದ್ಲು. ಅವ್ರ ತವರ್ನೋರು ಇನ್ನೊಂದು ಮದ್ವೆ ಮಾಡುದ್ರು’ ಅಂದಳು ಸಿದ್ದಲಿಂಗಮ್ಮ. ‘ಮದ್ವೆ ಮಾತು ಬಂದಾಗ್ಲೇ ಮಗೀನ ನೀನೇ ಮಡಿಕೊ ಅಂದ್ಲು. ಕೈ ಹಿಡ್ಕಂಡು ತಿರುಗ್ಸಾಕೆ ನನ್ನ ಕೈಲಾಗಾಕಿಲ್ಲ, ನಂಗೇ ಕಾಲಿಲ್ಲ ಅಂದೆ. ಅದ್ಕೇ ನಿಮ್ಮುನ್ನ ಕರ್ಕ ಬಂದಿದ್ದು. ನಿಮ್ಗೆ ಗೊತ್ತಿರ್ನಿಲ್ವಾ ಮೇಡಮ್ಮೋರೆ?’

ಗೊತ್ತಿರಲಿಲ್ಲ. ತಾನು ಮಗುವಿಗೆ ನಡಿಗೆ ಕಲಿಸಿದ್ದು ತಾಯಿ ಬಿಟ್ಟುಹೋಗಲಿ ಎಂದೇ?

ರಂಜಿ ಮಾತ್ರ ಅಳುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಕೋಲನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. ‘ಅವ್ವ ಏಳ್ಬುಟ್ಟೇ ಓಗವ್ಳೆ ಮೇಡಂ. ಬಸ್ ಇಳ್ದು ಅವ್ಳ ಮನೆ ತಂಕ ನಾನೇ ನಡ್ಕಂಡು ಬಂದ್ರೆ ಮಡಿಕತ್ತಾಳಂತೆ. ಯಾರ್ ಕೈನೂ ಹಿಡ್ಕಬಾರ್ದಂತೆ.’

ಆಗುವುದಿಲ್ಲವೆಂದು ಗೊತ್ತಿದ್ದೇ ಹಾಕಿದ ಷರತ್ತು ಅದು. ಯಶೋಧರಾಗೂ ಅರ್ಥವಾಯಿತು. ಆದರೆ ಅವಳ ಸಿಟ್ಟು ನೆತ್ತಿಗೇರಿತ್ತು. ಆಡಿದ ಮಾತಿಗೆ ಹೇಮಳನ್ನು ಕಟ್ಟಿಹಾಕದಿದ್ದರೆ ನನ್ನ ಹೆಸರು ಯಶೋಧರಾ ಅಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದಳು. ಮುದುಕಿ, ‘ಓದೋಳು ಓದ್ಲು, ಬುಟ್ಬುಡಿ’ ಅಂದದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಹೇಮ ಫೋನು ಎತ್ತುವುದನ್ನು ನಿಲ್ಲಿಸಿದ್ದಳು. ಯಶೋಧರಾ ಒಂದು ಭಾನುವಾರ ನಾಗಮಂಗಲದ ಮೇಲೆ ಬಸ್ಸು ಬದಲಾಯಿಸಿಕೊಂಡು, ಬೆಳ್ಳೂರು ದಾಟಿ, ಸಿದ್ದಲಿಂಗಮ್ಮ ಹೇಳಿದ ಹಳ್ಳಿಗೇ ಹೋದಳು. ಹೇಮಳ ಹೊಸ ಗಂಡ ಲೋಕೇಶನ ಮನೆ ಯಾವುದೆಂದು ಅಂಗಡಿಯಲ್ಲಿ ಕೇಳಿದಳು. ಒಳಗೆ ಹೋಗಲಿಲ್ಲ. ಬಸ್ ನಿಲ್ದಾಣದಿಂದ ಆ ಅಂಗಳದವರೆಗೆ ಹೆಜ್ಜೆ ಎಣಿಸಿದಳು, ಮುನ್ನೂರ ಹತ್ತು. ಎಡಕ್ಕೆ ಅರಳಿಕಟ್ಟೆ, ಅದಾದ ಮೇಲೆ ಹಿಟ್ಟಿನ ಗಿರಣಿಯ ಸದ್ದು, ಒಂದು ಸಣ್ಣ ಮೋರಿ, ಬಲಕ್ಕೆ ತಿರುಗಿದರೆ ಮೂರನೆಯ ಮನೆ. ಬಂದವಳೇ ಚಿನಕುರಳಿಯ ಶಾಲೆಯ ಬಯಲಿನಲ್ಲಿ ಇಟ್ಟಿಗೆ, ಕಲ್ಲು, ಹಳೇ ಟೈರು ಇಟ್ಟು ಆ ಊರನ್ನೇ ಕಟ್ಟಿದಳು. ಅದರೊಳಗೆ ರಂಜಿಯನ್ನು ಒಂದು ವರ್ಷ ನಡೆಸಿದಳು.

ಆ ವರ್ಷ ಅವಳು ಮಾಡಿದ್ದನ್ನು ಒಪ್ಪುವುದು ಕಷ್ಟ. ಮಗು ಮೋರಿ ತಪ್ಪಿದರೆ, ‘ಹಿಂಗೆ ನಡೆದ್ರೆ ನಿಮ್ಮವ್ವ ಮಡಿಕತ್ತಾಳಾ?’ ಅನ್ನುವಳು. ಮಗು ಸಿಂಬಳ ಒರೆಸಿಕೊಂಡು ಮತ್ತೆ ಬಸ್ ನಿಲ್ದಾಣದ ಟೈರಿಗೆ ಹೋಗುವುದು. ಜ್ವರವಿದ್ದರೂ ಬರುವುದು. ಅವ್ವನ ಹೆಸರನ್ನು ಚಾಟಿ ಮಾಡಿಕೊಂಡು ಮಗುವನ್ನು ಹೊಡೆದ ಹಾಗಾಯಿತು. ಅದು ತಪ್ಪೆಂದು ಯಶೋಧರಾಗೆ ಆಗ ಅನ್ನಿಸಲಿಲ್ಲ.

ಕಡೆಗೊಂದು ಭಾನುವಾರ ಬೆಳಿಗ್ಗೆ ಇಬ್ಬರೂ ಆ ಹಳ್ಳಿಯಲ್ಲಿ ಬಸ್ಸಿಳಿದರು. ರಂಜಿಗೆ ಎಂಟು ತುಂಬಿತ್ತು. ಅಜ್ಜಿ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳು. ಬಟ್ಟೆಯ ಚೀಲದಲ್ಲಿ ಎರಡು ಲಂಗ, ಒಂದು ಟವಲು. ಉಳಿದುಕೊಳ್ಳಲೆಂದೇ ಬಂದದ್ದಲ್ಲವೇ.

‘ನೀವು ಇಂದೆನೇ ಇರಿ ಮೇಡಂ. ಮಾತಾಡ್ಬ್ಯಾಡಿ’ ಎಂದು ಹುಡುಗಿ ಹೊರಟಳು. ಒಂದು ಹೆಜ್ಜೆ ತಪ್ಪಲಿಲ್ಲ. ಅರಳಿಕಟ್ಟೆಯಿಂದ ಯಾರೋ ಎದ್ದುಬಂದು ಕೋಲಿನ ತುದಿ ಹಿಡಿದಾಗ ‘ಬುಡಿ ಮಾವ, ದಾರಿ ಗೊತ್ತು’ ಅಂದಳು. ಮೋರಿ ದಾಟಿದಳು, ಬಲಕ್ಕೆ ತಿರುಗಿದಳು, ಮೂರನೆಯ ಮನೆಯ ಅಂಗಳಕ್ಕೆ ಹೋಗಿ ನಿಂತಳು. ಯಶೋಧರಾ ಹತ್ತು ಹೆಜ್ಜೆ ಹಿಂದೆ ಬೀದಿಯಲ್ಲೇ ನಿಂತು ಹೆಮ್ಮೆಯಿಂದ ನೋಡಿದಳು.

ಅಂಗಳದಲ್ಲಿ ಹೇಮ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಏಳು ತಿಂಗಳ ಬಸುರಿ. ತಲೆಯೆತ್ತಿ ನೋಡಿದವಳ ಕೈ ನಿಂತಿತು, ಕೇರುವ ಸದ್ದೂ ನಿಂತಿತು.

‘ಅವ್ವಾ’ ಎಂದು ಕರೆದಳು ರಂಜಿ.

ಹೇಮ ಉಸಿರೆತ್ತಲಿಲ್ಲ. ರಂಜಿಯ ಮುಖದಲ್ಲಿ ನಗು ಬಂತು. ತಿರುಗಿ, ಹಿಂದಿದ್ದ ಯಶೋಧರಾಗೆ ಕೇಳುವಷ್ಟೇ ದನಿ ಎತ್ತಿ, ‘ಇಲ್ಲೇ ಅವ್ಳೆ ಮೇಡಂ, ಪರೀಕ್ಷೆ ಮಾಡ್ತಾವ್ಳೆ’ ಅಂದಳು. ಕೋಲು ಆಡಿಸುತ್ತ ಮುಂದೆ ಹೋದಳು. ತುದಿ ಹೇಮಳ ಪಾದಕ್ಕೆ ತಾಗಿತು. ಹೇಮ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

ಒಳಗಿನಿಂದ ಲೋಕೇಶನ ತಾಯಿ ಚಿಕ್ಕಬೋರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ‘ಯಾರವ್ವ ಏಮ ಈ ಕೂಸು?’

ಮಗುವೊಂದಿದೆ ಎಂಬ ವಿಷಯವನ್ನೇ ಈ ಮನೆಗೆ ಹೇಳಿಲ್ಲ ಎಂದು ಯಶೋಧರಾಗೆ ಆಗ ಗೊತ್ತಾಯಿತು. ಹೇಮ ಯಶೋಧರಾಳ ಕಡೆ ನೋಡಿದಳು. ಮೊರದ ಮರೆಯಲ್ಲಿ ಎರಡು ಕೈಯನ್ನೂ ಜೋಡಿಸಿದ್ದಳು.

‘ಗೊತ್ತಿಲ್ಲ ಕಣತ್ತೆ. ಕಣ್ ಕಾಣಾಕಿಲ್ಲ ಅಂತ ಕಾಣ್ತದೆ. ದಾರಿ ತಪ್ಪಿ ಬಂದದೆ.’

ಯಶೋಧರಾ ಬಾಯಿ ತೆರೆದಳು. ಒಂದು ಮಾತು ಸಾಕಿತ್ತು ಆ ಮನೆ ಎರಡಾಗಲು. ಅಷ್ಟರಲ್ಲಿ ರಂಜಿ ಮಾತಾಡಿದಳು.

‘ಊಂ ಕಣಜ್ಜಿ. ಮನೆ ತಪ್ಪೋಯ್ತು.’

‘ಅಯ್ಯೋ ಪಾಪ, ಇಷ್ಟುದ್ದ ಕೂಸುನ್ನ ಒಬ್ಳೇ ಬುಟ್ಟವ್ಳಲ್ಲ, ಅವಳೆಂಥ ತಾಯಿನೋ’ ಎಂದು ಚಿಕ್ಕಬೋರಮ್ಮ ಲೊಚಗುಟ್ಟಿದಳು. ‘ಏಮ, ಒಂದ್ ಲೋಟ ಮಜ್ಜಿಗೆ ತಂದ್ಕೊಡವ್ವ, ಬಿಸ್ಲಲ್ಲಿ ಬಂದದೆ.’

ಹೇಮ ಎದ್ದು ಹೋಗಿ ಮಜ್ಜಿಗೆ ತಂದಳು. ಕೊಡುವಾಗ ಬೆರಳಿಗೆ ಬೆರಳು ತಾಗದೆ ಇರುತ್ತದೆಯೇ? ತಾಗಿತು. ರಂಜಿ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡು ಕೈಯಲ್ಲಿ ಲೋಟ ಹಿಡಿದು ಪೂರ್ತಿ ಕುಡಿದಳು. ಲೋಟ ವಾಪಸು ಕೊಟ್ಟು, ‘ಬತ್ತೀನಿ ಕಣಕ್ಕ’ ಅಂದಳು.

ಹೇಮ ಆಗಲೂ ದನಿ ಕೊಡಲಿಲ್ಲ. ಹುಡುಗಿ ತಿರುಗಿ ಎಡಕ್ಕೆ ಹೋಗಿ ಮೋರಿ ದಾಟಿದಳು.

ಅರಳಿಕಟ್ಟೆಯ ಹತ್ತಿರ ಯಶೋಧರಾ ಓಡಿಹೋಗಿ ಅವಳ ಕೈ ಹಿಡಿದುಕೊಂಡಳು. ಹನ್ನೊಂದು ವರ್ಷದಲ್ಲಿ ಅವಳು ಯಾವ ಮಗುವಿನ ಕೈಯನ್ನೂ ಹೀಗೆ ಹಿಡಿದಿರಲಿಲ್ಲ. ಕಣ್ಣೀರು ತಡೆಯಲಾಗಲಿಲ್ಲ. ‘ತಪ್ಪಾಯ್ತು ಕಣೆ ರಂಜಿ, ನನ್ನಿಂದ ತಪ್ಪಾಯ್ತು’ ಅಂದಳು.

ಹುಡುಗಿ ಕೈ ಬಿಡಿಸಿಕೊಂಡಳು. ‘ನಾಳಿಂದ ಬರ್ಬ್ಯಾಡಿ ಮೇಡಂ. ಎಲ್ಲಾ ಬತ್ತದಲ್ಲ ನಂಗೆ’ ಅಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ನಾಗಮಂಗಲದ ಬಸ್ಸು ಬಂತು. ರಂಜಿ ಮೆಟ್ಟಿಲನ್ನು ಕೋಲಿನಿಂದ ತಟ್ಟಿ ನೋಡಿ ತಾನೇ ಹತ್ತಿದಳು. ಸೀಟು ಸಿಕ್ಕಿದಾಗ ಚೀಲವನ್ನು ಪಕ್ಕದ ಜಾಗದಲ್ಲಿ ಇಟ್ಟುಕೊಂಡಳು. ಯಶೋಧರಾ ಹಿಂದಿನ ಸೀಟಿಗೆ ಹೋಗಿ ಕೂತಳು.